ಹಿಡಿಯೊಳಗಿನ ಏಳು

ಬೆರ್ಮೆಯೊ ಬಂದರಿನ ದೋಣಿ ಮೆಕ್ಯಾನಿಕ್ಕು ಉರ್ಕೊ
ಪಿಸ್ತೂಲು ತಂದದ್ದು ಅಡುಗೆಮನೆಯ ಟವೆಲಿನಲ್ಲಿ ಸುತ್ತಿ.
ಜೊತೆಗೆ ಪರವಾನಗಿಯ ಕಾಗದ, ಕಾಗದದ ಮೇಲೆ
ಉಪ್ಪುಮೀನಿನ ಒಂದು ಡಬ್ಬಿ, ಮುಂಗಡದ ಹಾಗೆ.
ಹೆಂಡತಿಯ ಸೋದರಮಾವನದಂತೆ.
"ಹೊಸದು ಮಾಡಿಕೊಡು, ಅರಾಟ್ಜ್. ಕ್ಲಬ್ಬಿನಲ್ಲಿ ನಗ್ತಾರೆ."

ನಗಲಿ.
ಮ್ಯಾಗಜೀನು ತೆಗೆದೆ. ಸ್ಲೈಡು ಹಿಂದಕ್ಕೆಳೆದು
ಕಿರುಬೆರಳು ತೂರಿಸಿ ನೋಡಿದೆ. ಖಾಲಿ.
ಇನ್ನೊಮ್ಮೆ ನೋಡಿದೆ.
ಮೊದಲ ಸಲ ನೋಡುವುದು ನಾನು,
ಎರಡನೆಯ ಸಲ ಅಪ್ಪ.

ಅಲುಗಿಸಿದರೆ ನಳಿಗೆ ಹಾಲುಹಲ್ಲಿನ ಹಾಗೆ ಲೊಟಲೊಟ.
ಮೂತಿಯ ಕಪ್ಪು ಪೂರಾ ಹೋಗಿ ಬಿಳಿ ಉಕ್ಕು ಕಾಣುತ್ತಿತ್ತು:
ಚರ್ಮದ ಚೀಲಕ್ಕೆ ಮೂವತ್ತು ವರ್ಷ ಹೋಗಿ ಬಂದ ದಾರಿ.
ಬಲಮಗ್ಗುಲ ಹಿಡಿ ಮಾತ್ರ ಸವೆದಿತ್ತು, ಹೆಬ್ಬೆರಳಗಲ.
ಎಡಚ.
ಹೆಸರು ಕೇಳುವ ಮೊದಲೇ ಮನುಷ್ಯನ ಅರ್ಧ ಪರಿಚಯ.
ಇನ್ನರ್ಧ ಉರ್ಕೊ ಹೇಳಿದ: ಮಾವನಿಗೆ ಹೆಬ್ಬೆರಳ ಸಂದಿನಲ್ಲಿ
ಎರಡು ಗೀರು ಕಲೆ, ಯಾವಾಗಲೂ ಹಸಿ.
ಈ ಕುದುರೆ ಒದೆಯುವುದಿಲ್ಲ, ಕಚ್ಚುತ್ತದೆ.

ಕುದುರೆಯ ಬಾಲ ಕತ್ತರಿಸಿ ಗುಂಡಗೆ ಮಾಡಿದೆ.
ಗುರಿಗಣ್ಣು ಸೂಜಿಗೆ ದಾರ ಪೋಣಿಸುವವರಿಗೆ ಮಾಡಿದ ಹಾಗಿತ್ತು,
ಕಿತ್ತು ಅಗಲದ್ದು ಕೂರಿಸಿದೆ.
ಟ್ರಿಗರು ಮರಳಲ್ಲಿ ಎಳೆದ ಹಾಗೆ ಬರುತ್ತಿತ್ತು;
ಅದಕ್ಕೇ ಒಂದು ಭಾನುವಾರ ಹೋಯಿತು.
ಬಫ್ ಚಕ್ರಕ್ಕೆ ಹಿಡಿದರೆ ಮೈ ಹತ್ತು ನಿಮಿಷದಲ್ಲಿ ಕನ್ನಡಿ,
ಅಂಚುಗಳು ಮಾತ್ರ ಬಚ್ಚಲ ಸೋಪಿನ ಹಾಗೆ ಕರಗಿರುತ್ತವೆ.
ಅರ, ಕಲ್ಲು, ಎಣ್ಣೆ. ಹನ್ನೊಂದು ಸಂಜೆ.

ಆಮೇಲೆ ತುಕ್ಕು.
ತಪ್ಪು ಓದಲಿಲ್ಲ ನೀವು, ತುಕ್ಕು ಹಿಡಿಸುವುದೇ ಕೆಲಸ:
ದ್ರಾವಣ ಸವರಿ, ಒದ್ದೆ ಪೆಟ್ಟಿಗೆಯಲ್ಲಿ ರಾತ್ರಿಯಿಡೀ ನೇತುಹಾಕಿ
ಬೆಳಿಗ್ಗೆ ತೆರೆದರೆ ಮೈತುಂಬ ಕೆಂಪು ನವಿರು.
ಕುದಿಯುವ ನೀರಿಗೆ ಬಿಟ್ಟರೆ ಆ ಕೆಂಪು ಕಪ್ಪಾಗುತ್ತದೆ.
ಉಜ್ಜು, ಸವರು, ನೇತುಹಾಕು, ಕುದಿಸು. ಎಂಟು ಸಲ.
ಕಳ್ಳನ ಕೈಗೇ ಬೀಗದ ಕೈ ಕೊಟ್ಟು
ಮನೆ ಕಾಯಲು ಕೂರಿಸಿದ ಹಾಗೆ.

ಇದಕ್ಕೆಲ್ಲ ಮೊದಲು, ಹಿಡಿಯ ತಿರುಪು ಬಿಚ್ಚಿದ ದಿನ,
ಮರದ ಒಳಮೈಯಲ್ಲಿ ಸೂಜಿಯಿಂದ ಗೀಚಿದ ಅಂಕಿ ಕಂಡಿತ್ತು;
ಜೋಡಿ ತಪ್ಪದಿರಲಿ ಎಂದು ಕಾರ್ಖಾನೆಯಲ್ಲಿ ಗೀಚುತ್ತಿದ್ದರು.
ಕೊನೆಯ ಅಂಕಿ ಏಳು.
ಸೊಂಟಕ್ಕೊಂದು ಅಡ್ಡಗೆರೆ, ಕಾಲು ಎಡಕ್ಕೆ ಕೊಂಕಿ.
ನನ್ನ ಲೆಕ್ಕದ ಪುಸ್ತಕ ತಿದ್ದಿದ ಏಳು ಅದು,
ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಸಂಬಳದ ದಿನಕ್ಕೆ ಮುನ್ನ ಬರುತ್ತಿದ್ದ ಏಳು.

ಇರಬಹುದು. ಇಲ್ಲದೆಯೂ ಇರಬಹುದು.
ಐಬಾರಿನ ರಾತ್ರಿ ಶಾಲೆಯಲ್ಲಿ ಒಬ್ಬನೇ ಮೇಷ್ಟ್ರ ಕೈಕೆಳಗೆ
ನೂರಾರು ಹುಡುಗರು ಅದೇ ಏಳನ್ನು ಕಲಿತರು.
ಕೆಳಬೀದಿಯಿಂದ ನೆಲಮಹಡಿ, ಮೇಲುಬೀದಿಯಿಂದ ಐದನೆಯದಕ್ಕೆ ನೇರ ಲಾರಿ,
ಹಾಗಿದ್ದ ಆ ಕಾರ್ಖಾನೆಯಲ್ಲಿ ಈಗ ಕಾರು ನಿಲ್ಲಿಸುತ್ತಾರೆ.
ಯಾರನ್ನು ಕೇಳಲಿ?
ಅಪ್ಪ ಹಿಲಾರಿಯೊ ಕೊನೆಯ ವರ್ಷ
ಚಮಚವನ್ನೂ ಅರದ ಹಾಗೆ ಹಿಡಿಯುತ್ತಿದ್ದ,
ಮೇಜಿನ ಅಂಚನ್ನು ನಯ ಮಾಡುತ್ತಿದ್ದ, ಮಾತಿಲ್ಲದೆ.

ಹೊಸ ಹಿಡಿ ಆಕ್ರೋಟಿನ ಮರದ್ದು, ನಾನೇ ಕೆತ್ತಿದೆ.
ಒಳಮೈಯಲ್ಲಿ ಅದೇ ಸಂಖ್ಯೆ ಗೀಚುವಾಗ
ಏಳಿನ ಹತ್ತಿರ ಬಂದು ಕೈ ಸ್ವಲ್ಪ ಹೊತ್ತು ನಿಂತಿತು.
ಆಮೇಲೆ ತನ್ನಷ್ಟಕ್ಕೆ ಬರೆಯಿತು, ಕೊಂಕುಕಾಲಿನ ಸಮೇತ.

ಉರ್ಕೊ ಬಂದ. ಬೆಳಕಿಗೆ ಹಿಡಿದು ಶಿಳ್ಳೆ ಹೊಡೆದ.
"ಹಳೇ ಹಿಡಿ?" ಎಂದು ಕೇಳಿದೆ.
"ಒಲೆಗೆ ಹಾಕು," ಅಂದ.
ನಮ್ಮ ಮನೆಯಲ್ಲಿ ಒಲೆಯಿಲ್ಲ, ಗ್ಯಾಸು.

ಮಂಗಳವಾರ ಫೋನು:
"ಎರಡು ಬೆರಳು ಎಡಕ್ಕೆ ಹೋಗುತ್ತೆ, ಅರಾಟ್ಜ್."
ಪಿಸ್ತೂಲೋ, ನೀನೋ, ಎಂದು ಕೇಳಬೇಕೆನಿಸಿತು.
ತಗೊಂಡು ಬಾ, ಅಂದೆ.
ಮೀನು ಬೇಡ.